ಮಲಾವಿಯ ಹಳ್ಳಿಗೆ ಹೊರಟ ಆಳಂದದ ತಂಗಿಗೆ

ಪ್ರಶ್ನೆ: ಅಕ್ಕ, ನಾನು ಆಳಂದ ತಾಲ್ಲೂಕಿನ ಹಳ್ಳಿಯವಳು. ಬಿಎಸ್ಸಿ ಕೃಷಿ ಮುಗಿಸಿ, ಮೂರು ವರ್ಷ ರೈತರ ಕಂಪನಿಯೊಂದರಲ್ಲಿ ಕೆಲಸ ಮಾಡಿದ್ದೇನೆ. ಈಗ ಆಫ್ರಿಕಾದ ಮಲಾವಿ ದೇಶದಲ್ಲಿ, ದಕ್ಷಿಣ ಭಾಗದ ಒಂದು ಹಳ್ಳಿಗೆ ಎರಡು ವರ್ಷದ ಮಟ್ಟಿಗೆ ಸ್ವಯಂಸೇವಕಿಯಾಗಿ ಆಯ್ಕೆಯಾಗಿದ್ದೇನೆ. ತೊಗರಿ ಬೆಳೆಯುವ ಹೆಣ್ಣುಮಕ್ಕಳ ಸಂಘದ ಜೊತೆ ಕೆಲಸ. ನಾನು ಮಾಂಸ, ಮೀನು ತಿನ್ನುವುದಿಲ್ಲ. ಅಲ್ಲಿ ಊಟ, ನೀರು, ಕಾಯಿಲೆ ಎಲ್ಲ ಹೇಗೆ? ದಿನ ಹೇಗೆ ಕಳೆಯುತ್ತದೆ? ನಮ್ಮ ತೊಗರಿ ಜ್ಞಾನ ಅಲ್ಲಿ ಉಪಯೋಗಕ್ಕೆ ಬರುತ್ತಾ? ಅವ್ವ ದಿನಾ ಅಳುತ್ತಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ:

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನು ಚಿತ್ತಾಪುರ ತಾಲ್ಲೂಕಿನವಳು. 2016ರ ನವೆಂಬರ್‌ನಿಂದ 2018ರ ನವೆಂಬರ್‌ವರೆಗೆ ಮಲಾವಿಯ ಫಲೊಂಬೆ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ವಾಪಸ್ ಬಂದ ಮೇಲೆ ಕಲಬುರಗಿಯಲ್ಲೇ ಇದ್ದು, ನಿನ್ನ ಹಾಗೆ ಹೊರಟವರಿಗೆ ತಯಾರಿ ಕೊಡುವ ಕೆಲಸ ಮಾಡುತ್ತಿದ್ದೇನೆ. ನಿನ್ನ ಪತ್ರ ಎರಡು ಸಲ ಓದಿದೆ. ಊಟ, ನೀರು, ಕಾಯಿಲೆ, ಇವಕ್ಕೆ ಉತ್ತರ ಸುಲಭ. ತೊಗರಿ ಬಗ್ಗೆ ಒಂದೇ ಸಾಲು ಕೇಳಿದ್ದೀಯ. ಅದರ ಉತ್ತರವೇ ಉದ್ದ.

ಮೊದಲು ಊಟ. ನೀನು ಉಪವಾಸ ಬೀಳುವುದಿಲ್ಲ. ಅಲ್ಲಿನ ಮುಖ್ಯ ಊಟ ನ್ಸಿಮಾ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ತಿರುವುತ್ತಾರೆ. ನಮ್ಮ ಜೋಳದ ಸಂಗಟಿ ತಿಂದವಳಿಗೆ ಅದು ಹೊಸದಲ್ಲ. ಊಟಕ್ಕೆ ಮೊದಲು ಒಬ್ಬರು ತಂಬಿಗೆಯಲ್ಲಿ ನೀರು ಹಿಡಿದು ಎಲ್ಲರ ಕೈಗೆ ಹನಿಸುತ್ತಾ ಬರುತ್ತಾರೆ. ಕೈಯಲ್ಲೇ ಉಂಡೆ ಮಾಡಿ, ಜೊತೆಗಿರುವ ನ್ದಿವೊದಲ್ಲಿ ಅದ್ದಿ ತಿನ್ನುವುದು. ನ್ದಿವೊ ಅಂದರೆ ಪಲ್ಯ, ಸಾರು, ಏನಿದೆಯೋ ಅದು. ಕುಂಬಳದ ಎಲೆ, ಸಾಸಿವೆ ಜಾತಿಯ ಸೊಪ್ಪು, ಬೆಂಡೆ, ಬೀನ್ಸ್ ಕಾಳು. ಸೊಪ್ಪಿಗೆ ಶೇಂಗಾ ಕುಟ್ಟಿದ ಪುಡಿ ಹಾಕಿ ಬೇಯಿಸುತ್ತಾರೆ. ಮೊದಲ ಸಲ ಅದನ್ನು ಬಾಯಿಗಿಟ್ಟಾಗ ನನಗೆ ನಮ್ಮ ಅಡುಗೆಮನೆಯೇ ನೆನಪಾಯಿತು. ಖಾರ ಮಾತ್ರ ಇರುವುದಿಲ್ಲ. ಶೇಂಗಾ ಹಿಂಡಿ, ಒಣ ಖಾರದಪುಡಿ ಎರಡು ಕಿಲೋ ಕಟ್ಟಿಕೊಂಡು ಹೋಗು. ಖಡಕ್ ರೊಟ್ಟಿ ಒಂದು ವಾರಕ್ಕಾಗುವಷ್ಟು ಇಟ್ಟುಕೋ. ಅದು ಹೊಟ್ಟೆಗಿಂತ ಜಾಸ್ತಿ ಮನಸ್ಸಿಗೆ ಬೇಕಾಗುತ್ತದೆ.

ಒಂದು ಮಾತು ಮೊದಲ ದಿನವೇ ಹೇಳಬೇಕು. ಅಲ್ಲಿನ ಚಿಚೇವ ಭಾಷೆಯಲ್ಲಿ ಮಾಂಸಕ್ಕೆ ನ್ಯಾಮಾ ಅನ್ನುತ್ತಾರೆ. ನ್ಯಾಮಾ ತಿನ್ನುವುದಿಲ್ಲ ಅಂದರೆ ಮೀನು ತಿನ್ನುತ್ತೀಯ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಸೊಪ್ಪಿಗೂ ಸಣ್ಣ ಒಣಮೀನು ಬೀಳುತ್ತದೆ. ಅದಕ್ಕೆ ಪೂರ್ತಿ ಹೇಳು: ಸಿಂದಿಮಾದ್ಯಾ ನ್ಯಾಮಾ ಕಪೆನಾ ನ್ಸೋಂಬಾ. ಮಾಂಸವಾಗಲಿ ಮೀನಾಗಲಿ ತಿನ್ನುವುದಿಲ್ಲ ಅಂತ. ಇದನ್ನು ನೀನು ಇರುವ ಮನೆಯ ಯಜಮಾನಿಗೆ ಮೊದಲೇ ಹೇಳಿಬಿಡು. ಯಾಕೆಂದರೆ ಅತಿಥಿ ಬಂದರು ಅಂತ ಇರುವ ಒಂದೇ ಕೋಳಿಯನ್ನು ಕೊಯ್ದು ಬಡಿಸುವ ಜನ ಅವರು. ಕೊಯ್ದ ಮೇಲೆ ಬೇಡ ಅಂದರೆ ನಿನಗೂ ಸಂಕಟ, ಅವರಿಗೂ ಸಂಕಟ.

ಹವಾ ಬಗ್ಗೆ ನೀನು ಕೇಳಲೇ ಇಲ್ಲ. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡಿರುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮೇ ತಿಂಗಳ 42, 43 ಡಿಗ್ರಿ ಕಂಡವಳಿಗೆ ಅಲ್ಲಿನ ಬಿಸಿಲು ಏನೂ ಅಲ್ಲ. ತ್ರಾಸ ಕೊಟ್ಟಿದ್ದು ಚಳಿ. ಫಲೊಂಬೆ ಪಕ್ಕದಲ್ಲೇ ಮುಲಾಂಜೆ ಬೆಟ್ಟ ಇದೆ, 3,000 ಮೀಟರ್ ಎತ್ತರ. ಜೂನ್, ಜುಲೈನಲ್ಲಿ ಆ ಕಡೆ ಚಿಪೆರೋನಿ ಅನ್ನುವ ತಣ್ಣನೆ ಗಾಳಿ, ಜಿಟಿಜಿಟಿ ಮಳೆ ದಿನಗಟ್ಟಲೆ ಹಿಡಿಯುತ್ತದೆ. ಒಂದು ಸ್ವೆಟರ್, ಒಂದು ದಪ್ಪ ಕಂಬಳಿ ಬೇಕೇ ಬೇಕು. ಅಲ್ಲಿ ಕಾಲ ನಮಗೆ ತಿರುಗುಮುರುಗು. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ, ಹೊಲದಲ್ಲಿ ಕೂತು ಭಜ್ಜಿ ತಿನ್ನುವ ಹೊತ್ತಿಗೆ ತೊಗರಿ ಬಲಿತು ರಾಶಿಗೆ ಬಂದಿರುತ್ತದೆ ಅಲ್ವಾ? ಅದೇ ಹೊತ್ತಿಗೆ ಅಲ್ಲಿ ತೊಗರಿ ಬಿತ್ತಿ ಒಂದು ತಿಂಗಳಾಗಿರುತ್ತದೆ ಅಷ್ಟೆ.

ಇನ್ನು ದಿನ. ಬೆಳಗ್ಗೆ ನಾಲ್ಕೂವರೆ, ಐದಕ್ಕೆ ಕಸಬರಿಗೆಯ ಸದ್ದಿಗೆ ಎಚ್ಚರ ಆಗುತ್ತದೆ. ಮನೆ ಮುಂದಿನ ಅಂಗಳ ಗುಡಿಸದೆ ಯಾವ ಹೆಂಗಸೂ ದಿನ ಶುರು ಮಾಡುವುದಿಲ್ಲ. ಆಮೇಲೆ ನೀರು. ನಾನಿದ್ದ ಊರಿನಲ್ಲಿ ಒಂದೇ ಬೋರಿಂಗ್ ಇತ್ತು, ಆಫ್ರಿದೇವ್ ಅನ್ನುವ ಕೈಪಂಪು. ಹೆಸರು ಕೇಳಿ ನಮ್ಮವರು ಯಾರೋ ಮಾಡಿದ್ದು ಅಂದುಕೊಳ್ಳಬೇಡ. ಅದು ಆಫ್ರಿಕಾದ ಹಳ್ಳಿಗಳಿಗಾಗಿ ಮಾಡಿದ ಪಂಪು, 1980ರ ದಶಕದಲ್ಲಿ ಮಲಾವಿ, ಕೆನ್ಯಾಗಳಲ್ಲಿ ಪರೀಕ್ಷೆಯಾಗಿ ಬೆಳೆದದ್ದು. ಊರಿನ ಜನರೇ ಬಿಚ್ಚಿ ರಿಪೇರಿ ಮಾಡಿಕೊಳ್ಳಲಿ ಅನ್ನುವುದು ಅದರ ಉದ್ದೇಶ. ನಾನಿದ್ದ ಊರಿನಲ್ಲಿ ಪಂಪಿನ ಕಮಿಟಿಯ ಇಬ್ಬರು ಹೆಂಗಸರು ಅರ್ಧ ದಿನದಲ್ಲಿ ಅದನ್ನು ಬಿಚ್ಚಿ ಜೋಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಿನ್ನ ನೀರು ನೀನೇ ತಾ. ವಿದೇಶದಿಂದ ಬಂದವಳು ಅಂತ ಹುಡುಗಿಯರನ್ನು ಕಳಿಸುತ್ತೇವೆ ಅನ್ನುತ್ತಾರೆ. ಒಪ್ಪಿಕೊಳ್ಳಬೇಡ. ನೀರು ತರುವುದು ಕಷ್ಟ ಅಂತ ನಿನಗೆ ಹೇಳಬೇಕಾಗಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಇಟ್ಟು ನಿಂತವರ ಪೈಕಿ ನಾವು. ಆದರೆ ಊರಿನ ಸುದ್ದಿಯೆಲ್ಲ ಆ ಪಾಳಿಯಲ್ಲೇ ಸಿಗುತ್ತದೆ. ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ, ಯಾರ ಮಗುವಿಗೆ ಜ್ವರ, ಯಾರು ಸಂಘದ ಸಾಲ ಕಟ್ಟಿಲ್ಲ. ನಾನು ಭಾಷೆ ಕಲಿತಿದ್ದು ತರಗತಿಯಲ್ಲಿ ಅಲ್ಲ, ಆ ಪಂಪಿನ ಹತ್ತಿರ.

ಭಾಷೆಯಲ್ಲಿ ಮೊದಲು ಕಲಿಯಬೇಕಾದ್ದು ಮಾತಾಡಿಸುವುದು. ಬೆಳಗ್ಗೆ ಎದುರಿಗೆ ಬಂದವರಿಗೆ "ಮ್ವಾಡ್ಜುಕಾ ಬ್ವಾಂಜಿ?" ಅನ್ನಬೇಕು. ಹೇಗೆ ಎದ್ದಿರಿ ಅಂತ. ಮಧ್ಯಾಹ್ನದ ಮೇಲಾದರೆ "ಮ್ವಾಸ್ವೇರಾ ಬ್ವಾಂಜಿ?" ಹಗಲು ಹೇಗೆ ಕಳೆಯಿತು ಅಂತ. ನಮ್ಮಲ್ಲಿ "ಊಟ ಆಯ್ತೇನ್ರೀ" ಅಂತ ಕೇಳದೆ ಯಾರ ಮನೆ ಮುಂದೆಯೂ ದಾಟಿ ಹೋಗುವುದಿಲ್ಲವಲ್ಲ, ಅದೇ ರೀತಿ. ಅವಸರ ಇದೆ ಅಂತ ಸುಮ್ನೆ ತಲೆಯಾಡಿಸಿ ಹೋದರೆ ಸೊಕ್ಕಿನವಳು ಅನ್ನಿಸಿಕೊಳ್ಳುತ್ತೀಯ. ಮನೆಯ ಮುಂದೆ ನಿಂತು "ಓಡಿ!" ಅಂತ ಕೂಗು, ಒಳಗಿನಿಂದ ಉತ್ತರ ಬಂದ ಮೇಲೆ ಹೋಗು. ಕೊಡುವುದು ತೆಗೆದುಕೊಳ್ಳುವುದು ಎರಡೂ ಕೈಯಿಂದ. ದೊಡ್ಡ ಹೆಂಗಸರನ್ನು ಅಮಾಯಿ, ಅಂದರೆ ಅವ್ವ, ಅಂತ ಕರೆಯಬೇಕು. ಬರೀ ಹೆಸರು ಹಿಡಿದು ಯಾರನ್ನೂ ಕರೆಯಬೇಡ.

ಇಷ್ಟೆಲ್ಲ ಓದಿ ಇದು ನಮ್ಮ ಹಳ್ಳಿ ಹಾಗೇ ಇದೆಯಲ್ಲ ಅನ್ನಿಸುತ್ತಿರಬೇಕು. ನನಗೂ ಹಾಗೇ ಅನ್ನಿಸಿತ್ತು. ಅಲ್ಲೇ ನಾನು ಎಡವಿದ್ದು.

ಎರಡನೇ ತಿಂಗಳು, 2017ರ ಜನವರಿ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಮುದುಕ ತೀರಿಕೊಂಡ. ನನಗೆ ಅವನ ಮುಖವೂ ಗೊತ್ತಿರಲಿಲ್ಲ. ಅದೇ ದಿನ ತಿಂಗಳ ವರದಿ ಕಳಿಸಬೇಕಿತ್ತು. ನಮ್ಮೂರಲ್ಲೂ ಎಲ್ಲರೂ ಎಲ್ಲರ ಮಣ್ಣಿಗೆ ಹೋಗುವುದಿಲ್ಲ, ಬೇಕಾದವರು ಹೋಗುತ್ತಾರೆ. ಪರದೇಶದ ಹುಡುಗಿ ಹೋಗದಿದ್ದರೆ ಯಾರು ಗಮನಿಸುತ್ತಾರೆ ಅಂದುಕೊಂಡು ಒಳಗೆ ಕೂತು ಬರೆದೆ. ಇಡೀ ಊರು ಖಾಲಿಯಾಗಿತ್ತು. ಹೊಲಕ್ಕೂ ಯಾರೂ ಹೋಗಿರಲಿಲ್ಲ.

ಅಲ್ಲಿ ಸಾವಿನ ಮನೆಯ ಕಾರ್ಯಕ್ಕೆ ಮಾಲಿರೊ ಅನ್ನುತ್ತಾರೆ. ಊರಿನಲ್ಲಿ ಮಾಲಿರೊ ಆದರೆ ಬೇರೆ ಎಲ್ಲ ಕೆಲಸ ನಿಲ್ಲುತ್ತದೆ. ಗಂಡಸರು ಕುಣಿ ತೋಡುತ್ತಾರೆ. ಹೆಂಗಸರು ಹೆಣದ ಹತ್ತಿರ ನೆಲದ ಮೇಲೆ ಕೂತು ರಾತ್ರಿಯಿಡೀ ಹಾಡುತ್ತಾರೆ. ಪ್ರತಿ ಮನೆಯಿಂದ ಒಂದು ಬೋಗುಣಿ ಹಿಟ್ಟು, ಕಟ್ಟಿಗೆ, ಇಲ್ಲವೇ ಒಂದು ಬಕೆಟ್ ನೀರು ಹೋಗಬೇಕು. ಸತ್ತವನ ಜೊತೆ ಜಗಳ ಆಡಿದವನೂ ಬರುತ್ತಾನೆ. ಬಾರದವನ ಮನೆಯಲ್ಲಿ ನಾಳೆ ಸಾವಾದರೆ ಹೊರುವವರು ಯಾರು ಅನ್ನುವ ಪ್ರಶ್ನೆ ಅದು.

ಮರುದಿನ ಪಂಪಿನ ಹತ್ತಿರ ಎಲ್ಲರೂ ಮಾತಾಡಿಸಿದರು. ಆದರೆ ಮಾತು ಅಷ್ಟಕ್ಕೇ ನಿಂತಿತು. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ನಮ್ಮ ಮನೆಯ ಅಮಾಯಿ ಒಲೆ ಮುಂದೆ ಕೂರಿಸಿಕೊಂಡು ಕೇಳಿದಳು, "ನಿಮ್ಮೂರಲ್ಲಿ ಸಾಯುವುದಿಲ್ಲವಾ?" ಅಂತ. ನಾನು ಅತ್ತೆ. ಅವಳು ಹಿಟ್ಟು ತುಂಬಿದ ಒಂದು ಬೋಗುಣಿ ನನ್ನ ಕೈಗೆ ಕೊಟ್ಟು, ಆ ಮುದುಕನ ಹೆಂಡತಿಯ ಹತ್ತಿರ ಕರೆದುಕೊಂಡು ಹೋದಳು. ಪೆಪಾನಿ ಅನ್ನುವ ಶಬ್ದ ಅವತ್ತು ಕಲಿತೆ. ತಪ್ಪಾಯಿತು ಅನ್ನುವುದಕ್ಕೂ, ನಿಮ್ಮ ದುಃಖಕ್ಕೆ ನನಗೂ ದುಃಖ ಅನ್ನುವುದಕ್ಕೂ ಅದೊಂದೇ ಮಾತು. ಆಮೇಲಿನ ಎರಡು ವರ್ಷ ಒಂದು ಮಾಲಿರೊ ಕೂಡ ತಪ್ಪಿಸಲಿಲ್ಲ. ಸಂಘದ ಹೆಂಗಸರು ನನ್ನ ಮುಂದೆ ಮನಸ್ಸು ಬಿಚ್ಚಿ ಮಾತಾಡಲು ಶುರು ಮಾಡಿದ್ದು ಮಾರ್ಚ್‌ನಲ್ಲಿ, ಇನ್ನೊಂದು ಸಾವಿನ ಮನೆಯಲ್ಲಿ ಅವರ ಜೊತೆ ರಾತ್ರಿ ಕೂತ ಮೇಲೆ. ವರದಿ ತಡವಾದರೆ ಆಫೀಸಿನವರು ಕಾಯುತ್ತಾರೆ, ತಂಗಿ. ಕಾಯದಿದ್ದರೂ ಪರವಾಗಿಲ್ಲ.

ಆ ಜನವರಿ, ಫೆಬ್ರವರಿ, ಮಾರ್ಚ್ ಬಗ್ಗೆ ಇನ್ನೊಂದು ಮಾತು. ನಿನ್ನ ಮೊದಲ ವರ್ಷದಲ್ಲೇ ಅದು ಎದುರಾಗುತ್ತದೆ. ಅಲ್ಲಿ ಮೆಕ್ಕೆಜೋಳದ ಸುಗ್ಗಿ ಏಪ್ರಿಲ್, ಮೇನಲ್ಲಿ. ಕಳೆದ ವರ್ಷದ ಕಾಳು ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಹೊಲ ಹಸಿರಾಗಿರುತ್ತದೆ, ಮನೆಯಲ್ಲಿ ಹಿಟ್ಟು ಇರುವುದಿಲ್ಲ. ಜನ ತಮ್ಮ ಹೊಲದ ಕಳೆ ಬಿಟ್ಟು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಆ ಕೂಲಿಗೆ ಗಾನ್ಯು ಅಂತ ಹೆಸರು. ದಿನಕ್ಕೆ ಒಂದೇ ಊಟ. ನಾನು ಹೋದದ್ದು 2016ರ ದೊಡ್ಡ ಬರದ ಬೆನ್ನಿಗೆ, ಹಾಗಾಗಿ ಆ ಮೂರು ತಿಂಗಳು ಬಹಳ ಕೆಟ್ಟದಾಗಿತ್ತು. ನನ್ನ ಅಜ್ಜಿ 72ರ ಬರದ ಕತೆ ಹೇಳುವಾಗ ನಾವು ಮಕ್ಕಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಲ್ಲಿ ಕೂತು ಅಜ್ಜಿಯ ಒಂದೊಂದು ಮಾತೂ ನೆನಪಿಗೆ ಬಂತು.

ನಿನ್ನ ಕೈಯಲ್ಲಿ ಪ್ರತಿ ತಿಂಗಳ ಭತ್ಯೆ ಇರುತ್ತದೆ. ಅದು ಸಂಬಳವಲ್ಲ, ಬದುಕಲು ಸಾಕಾಗುವಷ್ಟು. ಆದರೂ ಊರಿನಲ್ಲಿ ಆ ತಿಂಗಳು ಹೊಟ್ಟೆ ತುಂಬ ಉಣ್ಣುವ ಕೆಲವರಲ್ಲಿ ನೀನೂ ಒಬ್ಬಳು. ಬಾಗಿಲಿಗೆ ಮಕ್ಕಳು ಬಂದು ನಿಲ್ಲುತ್ತಾರೆ. ಏನು ಮಾಡಬೇಕು? ಬಾಗಿಲು ಹಾಕಿಕೊಂಡು ತಿನ್ನುವವರನ್ನೂ ನೋಡಿದ್ದೇನೆ, ಕಂಡಕಂಡವರಿಗೆ ನೋಟು ಕೊಟ್ಟು ಊರಿನಲ್ಲಿ ಜಗಳ ಎಬ್ಬಿಸಿದವರನ್ನೂ ನೋಡಿದ್ದೇನೆ. ನನ್ನ ಅನುಭವದಲ್ಲಿ ಸರಿ ಅನ್ನಿಸಿದ್ದು ಇದು: ಬೇರೆ ಒಲೆ ಹೂಡಬೇಡ. ಇರುವ ಮನೆಯ ಒಲೆಯಲ್ಲೇ ಉಣ್ಣು. ತಿಂಗಳಿಗೆ ಒಂದು ಚೀಲ ಮೆಕ್ಕೆಜೋಳ ಆ ಮನೆಗೆ ತಂದು ಹಾಕು. ಯಾರಿಗೆ ಎಷ್ಟು ಹಂಚಬೇಕು ಅನ್ನುವುದನ್ನು ಅಮಾಯಿಗೆ ಬಿಡು. ಯಾರ ಮನೆಯ ಹಸಿವು ಎಂಥದು ಅಂತ ಅವಳಿಗೆ ಗೊತ್ತು, ನಿನಗೆ ಗೊತ್ತಿಲ್ಲ. ನೋಟು ಕೊಡಬೇಡ. ಸಾಲ ಅಂತಲೂ ಕೊಡಬೇಡ.

ಹಣದ ಮಾತು ಬಂತು, ಅವರ ಸಂಘದ ಬಗ್ಗೆ ಹೇಳಲೇಬೇಕು. ಅದಕ್ಕೆ ಬಾಂಕಿ ಮ್ಕೊಂಡೆ ಅನ್ನುತ್ತಾರೆ, ಜಗುಲಿ ಮೇಲಿನ ಬ್ಯಾಂಕು ಅಂತ. ವಾರಕ್ಕೊಮ್ಮೆ ಸೇರಿ ಉಳಿತಾಯ ಹಾಕುವುದು, ಒಳಗೇ ಸಾಲ ಕೊಡುವುದು. ನಮ್ಮ ಸ್ತ್ರೀಶಕ್ತಿ ಸಂಘದ ಹಾಗೇ. ಆದರೆ ಬ್ಯಾಂಕಿನ ಸಂಬಂಧ ಇಲ್ಲ. ಕಬ್ಬಿಣದ ಒಂದು ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ. ವರ್ಷದ ಕೊನೆಗೆ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಹಂಚಿಕೊಂಡು, ಮತ್ತೆ ಸೊನ್ನೆಯಿಂದ ಶುರು. ನಮ್ಮ ಸಂಘದವರು ಹಂಚುವ ದಿನವನ್ನು ಬಿತ್ತನೆಗೆ ಸ್ವಲ್ಪ ಮೊದಲು ಇಟ್ಟುಕೊಂಡಿದ್ದರು. ಆ ದುಡ್ಡಿನಲ್ಲಿ ಬೀಜ, ಗೊಬ್ಬರ, ಹಸಿವಿನ ತಿಂಗಳಿಗೆ ಒಂದು ಚೀಲ ಕಾಳು ಬರುತ್ತಿತ್ತು. ನಾನು ಲೆಕ್ಕ ಕಲಿಸಬೇಕು ಅಂತ ಹೋಗಿದ್ದೆ. ಅಕ್ಷರ ಬಾರದ ಹೆಂಗಸರು ಹಿಂದಿನ ವಾರ ಪೆಟ್ಟಿಗೆಯಲ್ಲಿ ಎಷ್ಟಿತ್ತು ಅಂತ ಒಂದು ರೂಪಾಯಿ ಆಚೀಚೆ ಆಗದ ಹಾಗೆ ಹೇಳುತ್ತಿದ್ದರು.

ಈಗ ತೊಗರಿ. ಅಲ್ಲಿ ಅದಕ್ಕೆ ನಾಂದೊಲೊ ಅಂತ ಹೆಸರು. ದಕ್ಷಿಣ ಮಲಾವಿಯಲ್ಲಿ ಮೆಕ್ಕೆಜೋಳದ ಸಾಲಿನಲ್ಲೇ ತೊಗರಿಯನ್ನೂ ಹಾಕುತ್ತಾರೆ. ನವೆಂಬರ್, ಡಿಸೆಂಬರ್‌ನ ಮೊದಲ ಮಳೆಗೆ ಎರಡೂ ಒಟ್ಟಿಗೆ. ಮೆಕ್ಕೆಜೋಳ ಮುರಿದ ಮೇಲೆ ತೊಗರಿ ಹೊಲದಲ್ಲಿ ಒಂಟಿಯಾಗಿ ನಿಂತು, ಚಳಿಗೆ ಹೂ ಬಿಟ್ಟು, ಜುಲೈಯಿಂದ ಸೆಪ್ಟೆಂಬರ್ ಒಳಗೆ ಕೊಯ್ಲಿಗೆ ಬರುತ್ತದೆ. ಆಳೆತ್ತರ ಮೀರುವ, ಬಹಳ ದಿನ ತೆಗೆದುಕೊಳ್ಳುವ ತಳಿ. ಗಿಡ ಒಣಗಿಸುವ ನೆಟೆ ರೋಗ ಅಲ್ಲೂ ಇದೆ.

ನಾನು ಹೋಗುವಾಗ ತಲೆಯಲ್ಲಿ ಒಂದೇ ವಿಷಯ, ಕುಡಿ ಚಿವುಟುವುದು. ನಮ್ಮಲ್ಲಿ ಬಿತ್ತಿದ ಒಂದೂವರೆ, ಎರಡು ತಿಂಗಳಿಗೆ ಕುಡಿ ಚಿವುಟಿದರೆ ಟೊಂಗೆ ಜಾಸ್ತಿ ಒಡೆದು ಇಳುವರಿ ಏರುತ್ತದೆ, ನೀನೂ ಓದಿರುತ್ತೀಯ, ಮಾಡಿರುತ್ತೀಯ. ಅದನ್ನು ಸಂಘದಲ್ಲಿ ಹೇಳಿದೆ, ತೋರಿಸಿದೆ. ಎಲ್ಲರೂ ಹೂಂ ಅಂದರು. ಮಾಡಿದವರು ಇಬ್ಬರೇ, ಅದೂ ನನ್ನ ಮುಖ ನೋಡಿ. ಕಾರಣ ನನಗೆ ತಿಂಗಳುಗಳ ನಂತರ ಹೊಳೆಯಿತು. ಡಿಸೆಂಬರ್‌ನಲ್ಲಿ ಬಿತ್ತಿದ ಬೆಳೆಗೆ ಕುಡಿ ಚಿವುಟುವ ಹೊತ್ತು ಬರುವುದು ಜನವರಿ ಕೊನೆ, ಫೆಬ್ರವರಿಗೆ. ಹಸಿವಿನ ತಿಂಗಳು. ಅವತ್ತಿನ ಹಿಟ್ಟಿಗೆ ಗಾನ್ಯುಗೆ ಹೋಗಬೇಕಾದ ಹೆಂಗಸು, ಏಳು ತಿಂಗಳ ನಂತರ ಬರುವ ಕಾಳಿಗಾಗಿ ಒಂದು ದಿನ ಕಳೆಯುವುದು ಹೇಗೆ? ಕೆಲಸ ಒಳ್ಳೆಯದೇ. ಆ ಊರಿನ ಆ ವಾರಕ್ಕೆ ಅದು ಹೊಂದುವುದಿಲ್ಲ.

ಆಮೇಲೆ 2017ರ ಆಗಸ್ಟ್ ಬಂತು. ಮಲಾವಿಯ ತೊಗರಿಗೆ ದೊಡ್ಡ ಗಿರಾಕಿ ನಮ್ಮ ದೇಶ. 2016-17ರಲ್ಲಿ ನಮ್ಮಲ್ಲಿ ತೊಗರಿ ಬಂಪರ್ ಬೆಳೆ ಬಂದು ಬೆಲೆ ಕುಸಿದದ್ದು ನಿನಗೆ ನೆನಪಿರಬೇಕು. ಕ್ವಿಂಟಲ್‌ಗೆ ಬೆಂಬಲ ಬೆಲೆ 5,050 ರೂಪಾಯಿ ಇದ್ದರೂ ಪೇಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಬೆಲೆ ಎತ್ತಲು ಭಾರತ 2017ರ ಆಗಸ್ಟ್ 5ರಂದು ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಅದೇ ವಾರಗಳಲ್ಲಿ ನಮ್ಮ ಹಳ್ಳಿಯಲ್ಲಿ ನಾಂದೊಲೊ ಕೊಯ್ಲು ನಡೆದಿತ್ತು. ವ್ಯಾಪಾರಿಗಳು ಬರಲಿಲ್ಲ. ಬಂದವರು ಕೇಳಿದ ಬೆಲೆಗೆ ಚೀಲ ಹೊತ್ತು ತಂದ ಶ್ರಮವೂ ಗಿಟ್ಟುತ್ತಿರಲಿಲ್ಲ.

ಒಂದು ಸಂಜೆ ಒಬ್ಬ ಹೆಂಗಸು ಕೇಳಿದಳು: "ನಿಮ್ಮ ದೇಶದವರು ನಾಂದೊಲೊ ತಿನ್ನುವುದು ಬಿಟ್ಟರಾ?"

ನಾನು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಆ ವರ್ಷ ಫೆಬ್ರವರಿಯಲ್ಲೇ ತೊಗರಿ ಮಾರಿದ್ದರು, ಬೆಂಬಲ ಬೆಲೆಗಿಂತ ಕಡಿಮೆಗೆ. ಖರೀದಿ ಕೇಂದ್ರದಲ್ಲಿ ಪಾಳಿ ಬರುವುದರೊಳಗೆ ಸಾಲ ಕಟ್ಟುವ ದಿನ ಬಂದಿತ್ತು. ವಿಷಯ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವರಿಗಿ ಹೇಳವ್ವ, ನಮ್ಮ ತೊಗರಿನೂ ಹಂಗೇ ಬಿದ್ದದ ಅಂತ. ನಾವೇನು ಅವರ ಮ್ಯಾಲ ಸಿಟ್ಟಿಲ್ಲ ಅಂತ ಹೇಳು."

ಮರುದಿನ ಸಂಘದಲ್ಲಿ ಅದನ್ನೇ ಹೇಳಿದೆ. ನನ್ನ ಅಪ್ಪನ ಹೊಲ ಎಷ್ಟು, ಏನು ಬೆಲೆಗೆ ಮಾರಿದರು, ಸಾಲ ಎಷ್ಟು ಉಳಿಯಿತು, ಎಲ್ಲ. ಅಷ್ಟು ದಿನ ಅವರ ಮುಂದೆ ನಾನು ಕಲಿಸಲು ಬಂದವಳಾಗಿದ್ದೆ. ಅವತ್ತು ತೊಗರಿ ಬೆಳೆಯುವವನ ಮಗಳಾಗಿ ಮಾತಾಡಿದೆ. ಅವರು ಕೇಳಿದ ಪ್ರಶ್ನೆಗಳೂ ಬೇರೆಯಾದವು. ನಿನ್ನ ಅಪ್ಪ ಈ ಸಲ ಏನು ಬಿತ್ತಿದ್ದಾನೆ? ಮಾರದೆ ಉಳಿದ ಕಾಳನ್ನು ಹುಳ ಬೀಳದ ಹಾಗೆ ಹೇಗೆ ಇಡುತ್ತೀರಿ? ನೀನು ಪೇಟೆಯಿಂದ ತಂದ ಹಳದಿ ನಾಂದೊಲೊ ಯಾಕೆ ಅಷ್ಟು ಬೇಗ ಬೇಯುತ್ತದೆ?

ಆ ಕೊನೆಯ ಪ್ರಶ್ನೆಯಿಂದ ನನ್ನ ನಿಜವಾದ ಕೆಲಸ ಶುರುವಾಯಿತು. ಅವರು ತೊಗರಿಯನ್ನು ಹಸಿ ಕಾಯಿ ಬೇಯಿಸಿ ತಿನ್ನುತ್ತಾರೆ, ಒಣಗಿದ್ದನ್ನು ಇಡೀ ಕಾಳಾಗಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಮನೆಯಲ್ಲಿ ಬೇಳೆ ಮಾಡುವ ರೂಢಿ ಇಲ್ಲ. ಕಟ್ಟಿಗೆ ದೂರದಿಂದ ತರಬೇಕು. ಬೇಳೆಯಾದರೆ ಕಟ್ಟಿಗೆ ಎಷ್ಟು ಉಳಿಯುತ್ತದೆ ನೋಡು. ನಮ್ಮ ಅಜ್ಜಿಯರು ತೊಗರಿ ನೆನೆಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದ ವಿಧಾನ ನನಗೆ ಅರ್ಧಂಬರ್ಧ ಗೊತ್ತಿತ್ತು. ಅವ್ವನಿಗೆ ದಿನಾ ಫೋನ್ ಮಾಡಿ ಕೇಳಿದೆ. ಬೀಸುವ ಕಲ್ಲು ಅಲ್ಲಿಲ್ಲ, ಒರಳು ಒನಕೆ ಇದೆ. ಮೊದಮೊದಲು ಅರ್ಧ ಕಾಳು ನುಚ್ಚಾಯಿತು. ಎಷ್ಟು ಒಣಗಿಸಬೇಕು, ಒನಕೆಯನ್ನು ಎಷ್ಟು ಹಗುರ ಬಿಡಬೇಕು ಅನ್ನುವುದನ್ನು ಕಂಡುಹಿಡಿದವರು ಅವರೇ. ಎಲ್ಲ ಮನೆಯವರೂ ಮುಂದುವರಿಸಲಿಲ್ಲ. ಏಳೆಂಟು ಮನೆಯವರು ಮುಂದುವರಿಸಿದರು. ಪೇಟೆ ದಿನ ಬೇಳೆಯನ್ನು ಲೋಟದಲ್ಲಿ ಅಳೆದು ಮಾರಿದರು.

ಹೀಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ನಿನ್ನ ಜ್ಞಾನ ಉಪಯೋಗಕ್ಕೆ ಬರುತ್ತದೆ, ಆದರೆ ಅದರಲ್ಲಿ ಯಾವುದು ಬೇಕು ಅಂತ ಅವರು ಕೇಳುವವರೆಗೆ ನಿನಗೂ ಗೊತ್ತಾಗುವುದಿಲ್ಲ. ಮೊದಲ ಆರು ತಿಂಗಳು ಏನನ್ನೂ ತೋರಿಸಲು ಹೋಗಬೇಡ. ಅವರ ಜೊತೆ ಒಂದು ಪೂರ್ತಿ ಬೆಳೆ ಬಿತ್ತು, ಕಳೆ ಕೀಳು, ಕೊಯ್ಯಿ. ಮತ್ತೆ, ಬೀಜ ಒಯ್ಯಬೇಡ. ನಮ್ಮ ತೊಗರಿ ತಳಿ ಟಿಎಸ್-3ಆರ್ ಒಂದು ಕಿಲೋ ಬ್ಯಾಗಿನಲ್ಲಿ ಇಟ್ಟುಕೋ ಅಂತ ಮನೆಯಲ್ಲಿ ಹೇಳೇ ಹೇಳುತ್ತಾರೆ. ಅನುಮತಿ ಇಲ್ಲದೆ ಬೀಜ ದಾಟಿಸುವುದು ಕಾನೂನಿಗೆ ವಿರುದ್ಧ. ಜೊತೆಗೆ ನಮ್ಮ ಹುಳ, ನಮ್ಮ ರೋಗ ಅವರ ಹೊಲಕ್ಕೆ ಹೋಗಬಾರದು. ಆಮದಿನ ಮಿತಿಯನ್ನು 2021ರ ಮೇನಲ್ಲಿ ತೆಗೆದರು. ಅದೇ ವರ್ಷ ಮಲಾವಿಯಿಂದ ವರ್ಷಕ್ಕೆ 50,000 ಟನ್ ತೊಗರಿ ಕೊಳ್ಳುವ ಒಪ್ಪಂದವೂ ಆಯಿತು. ಹಾಗಾಗಿ ಸಂಘದ ಹೆಂಗಸರು ನಿನ್ನನ್ನು ಬೆಲೆಯ ಬಗ್ಗೆ ಕೇಳುತ್ತಾರೆ. ಕಲಬುರಗಿ ಎಪಿಎಂಸಿಯ ಅವತ್ತಿನ ಧಾರಣೆ ಗೊತ್ತಿಟ್ಟುಕೊಂಡಿರು.

ನೀನು ಭಾರತದವಳು ಅನ್ನುವುದಕ್ಕೂ ಅಲ್ಲಿ ಒಂದು ಅರ್ಥ ಇದೆ. ಮಲಾವಿಯಲ್ಲಿ ಭಾರತ ಮೂಲದವರು ತಲೆಮಾರುಗಳಿಂದ ವ್ಯಾಪಾರ ಮಾಡುತ್ತಾ ಬಂದಿದ್ದಾರೆ. 1970ರ ದಶಕದಲ್ಲಿ ಅಲ್ಲಿನ ಸರ್ಕಾರ ಅವರ ವ್ಯಾಪಾರವನ್ನು ಹಳ್ಳಿಗಳಿಂದ ತೆಗೆಸಿ ನಗರಗಳಿಗೆ ಸೀಮಿತ ಮಾಡಿತು. ಅದರಿಂದ ಹಳ್ಳಿಯವರು ನಮ್ಮಂಥವರನ್ನು ನೋಡಿದ್ದು ನಗರದ ಅಂಗಡಿ ಗಲ್ಲೆಯ ಹಿಂದೆ ಮಾತ್ರ. ನಿನಗೂ ಅಂಗಡಿ ಇದೆಯಾ ಅಂತ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡ, ಹೊಲ ಇದೆ ಅಂತ ಹೇಳು.

ಹೊಲ ಅಂದ ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ: ಯಾರ ಹೆಸರಿನಲ್ಲಿ? ದಕ್ಷಿಣ ಮಲಾವಿಯಲ್ಲಿ ಹೆಚ್ಚಿನ ಕಡೆ ವಂಶ ನಡೆಯುವುದು ತಾಯಿಯ ಕಡೆಯಿಂದ. ಹೊಲ ತಾಯಿಯಿಂದ ಮಗಳಿಗೆ. ಮದುವೆಯಾದರೆ ಗಂಡು ಹೆಂಡತಿಯ ಊರಿಗೆ ಬರುತ್ತಾನೆ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ ಅಂದಾಗ ಆ ಹೆಂಗಸರು ನಿಜವಾಗಿ ಗಾಬರಿಯಾದರು. "ಅವನು ಬಿಟ್ಟರೆ ನೀನು ಎಲ್ಲಿ ಬಿತ್ತುತ್ತೀ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಅಪ್ಪನ ಜೊತೆ ಕೂತು ಅದೇ ಮಾತು ಎತ್ತಿದೆ. ಈಗ ಎರಡು ಎಕರೆ ನನ್ನ ಹೆಸರಿನಲ್ಲಿದೆ.

ಕಾಯಿಲೆಯ ಬಗ್ಗೆ ಚಿಕ್ಕದಾಗಿ, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿನ ಮಲೇರಿಯಾ ಅಪಾಯದ ಜಾತಿಯದು. ತಡೆಯುವ ಮಾತ್ರೆ ಯಾವುದು ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ ಶುರು ಮಾಡು, ಮಧ್ಯೆ ಬಿಡಬೇಡ. ದಿನಾ ಸೊಳ್ಳೆಪರದೆಯೊಳಗೇ ಮಲಗು. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸು, ನಾಳೆ ನೋಡೋಣ ಅನ್ನಬೇಡ. ಊರಿಗೆ ಬಂದ ಮೇಲೂ ಕೆಲವು ತಿಂಗಳೊಳಗೆ ಜ್ವರ ಬಂದರೆ ಮಲಾವಿಯಲ್ಲಿದ್ದೆ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳು. ಕೆರೆ, ಹೊಳೆ, ಮಲಾವಿ ಸರೋವರದ ದಡ, ಎಲ್ಲಿಯೂ ನೀರಿಗೆ ಇಳಿಯಬೇಡ. ಬಸವನಹುಳುವಿನಿಂದ ಬರುವ ಬಿಲ್‌ಹಾರ್ಜಿಯಾ ಅನ್ನುವ ರೋಗ ಚರ್ಮದ ಮೂಲಕ ಒಳಗೆ ಸೇರುತ್ತದೆ. ಆಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ವಿಮಾನ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೋ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು. ಆ ಕಾರ್ಡು ಪಾಸ್‌ಪೋರ್ಟ್ ಜೊತೆಗೇ ಇರಲಿ, ವಾಪಸ್ ಬರುವಾಗಲೂ ಕೇಳುತ್ತಾರೆ. ಲಿಲಾಂಗ್ವೆಯಲ್ಲಿ ನಮ್ಮ ಹೈಕಮಿಷನ್ ಇದೆ, ಹೋದ ತಕ್ಷಣ ಹೆಸರು ಬರೆಸು. ಕತ್ತಲಾದ ಮೇಲೆ ಮಿನಿಬಸ್ ಹತ್ತಬೇಡ. ನಿನ್ನನ್ನು ಕಳಿಸುವ ಸಂಸ್ಥೆ ವಿಮೆ ಮಾಡಿಸಿದೆಯಾ, ಸೀರಿಯಸ್ ಆದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿದೆಯಾ ಅಂತ ಕಾಗದದಲ್ಲಿ ನೋಡು. ಬಾಯಿಮಾತು ನಂಬಬೇಡ.

ಈಗ ನಿನ್ನ ಅವ್ವ. ಧೈರ್ಯ ತಗೋ ಅಂತ ಹೇಳಬೇಡ, ಅದರಿಂದ ಅಳು ಜಾಸ್ತಿ ಆಗುತ್ತದೆ. ಅವಳಿಗೆ ಒಂದು ಕೆಲಸ ಕೊಡು. ನನ್ನ ಅವ್ವನ ಅಳು ನಿಂತದ್ದು ಬೇಳೆ ಮಾಡುವ ವಿಧಾನ ಕೇಳಲು ನಾನು ಫೋನ್ ಮಾಡಿದಾಗ. ನಮ್ಮ ಗಡಿಯಾರ ಅವರಿಗಿಂತ ಮೂರೂವರೆ ಗಂಟೆ ಮುಂದೆ ಇದೆ. ಅಲ್ಲಿ ಸಂಜೆ ಐದು ಅಂದರೆ ಇಲ್ಲಿ ರಾತ್ರಿ ಎಂಟೂವರೆ, ಊಟ ಮುಗಿದ ಹೊತ್ತು. ಅದೇ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಏರ್‌ಟೆಲ್ ಅಲ್ಲೂ ಇದೆ, ಆದರೆ ಹಳ್ಳಿಯಲ್ಲಿ ಕರೆಂಟ್ ಇಲ್ಲದೆ ಫೋನ್ ಸಾಯುತ್ತದೆ, ಮಳೆಗಾಲದಲ್ಲಿ ಟವರ್ ಹೋಗುತ್ತದೆ. ಮೂರು ದಿನ ಫೋನ್ ಬರದಿದ್ದರೆ ಗಾಬರಿ ಆಗಬೇಡ ಅಂತ ಈಗಲೇ ಹೇಳಿಡು. ಸಂಸ್ಥೆಯ ಒಬ್ಬರ ನಂಬರ್ ಅವಳ ಹತ್ತಿರ ಇರಲಿ. ಹೋದ ಮೇಲೆ ಅಮಾಯಿಯ ಜೊತೆ ಅವ್ವನನ್ನು ವೀಡಿಯೊದಲ್ಲಿ ಮಾತಾಡಿಸು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ನನ್ನ ಅವ್ವ ಮತ್ತು ಆ ಅಮಾಯಿ ಹತ್ತು ನಿಮಿಷ ಮಾತಾಡಿದರು, ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಚಿಚೇವದಲ್ಲಿ. ಕೊನೆಗೆ ಅವ್ವ ನನಗೆ ಹೇಳಿದಳು, "ಛಲೋ ಮನಿಷ್ಯಾಳು ಅದಾಳ, ಆಕಿ ಹೇಳಿದಂಗ ಕೇಳು."

ಊರು ಸೇರಿದ ಮೊದಲ ವಾರದ ಪೇಟೆಯಲ್ಲಿ ಎರಡು ಚಿಟೆಂಜೆ ಕೊಂಡುಕೋ. ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಅಚ್ಚಿನ ಬಟ್ಟೆ ಅದು, ಎರಡು ಮೀಟರ್. ಒಂದು ನಿನಗೆ ಇಷ್ಟವಾದ ಬಣ್ಣದ್ದು, ದಿನಾ ಉಡುವುದಕ್ಕೆ. ಇನ್ನೊಂದು ಗಾಢ ಬಣ್ಣದ್ದು, ಮಾಲಿರೊಗೆ. ಅದನ್ನು ಪೆಟ್ಟಿಗೆಯ ತಳದಲ್ಲಿ ಇಡಬೇಡ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕು. ಹೊರಡುವ ತಿಂಗಳು ಕಲಬುರಗಿಗೆ ಬಂದರೆ ಮನೆಗೆ ಬಾ. ಅದನ್ನು ಉಡುವುದು ಹೇಗೆ ಅಂತ ತೋರಿಸುತ್ತೇನೆ, ನನ್ನದು ಇನ್ನೂ ಇದೆ.